ಭಾಗವ್ವನ ಮಾಳಿಗೆಗೆ ಎಷ್ಟು ಮಾರ್ಕು

ಪುಣೆ
೩ ಜುಲೈ ೨೦೨೪

ಶಿದ್ರಾಯ ಕಾಕಾ ಅವರಿಗೆ,

ದೀಪಾಲಿಯ ನಮಸ್ಕಾರ. ನಿಮ್ಮ ಕಿವಿ ಈಗ ಪೂರ್ತಿ ಕೈಕೊಟ್ಟಿದೆಯೆಂದು ಗೊತ್ತು. ಫೋನ್ ಮಾಡಿದರೆ ಚನ್ನವ್ವ ಕಾಕು ಎತ್ತಿಕೊಂಡು "ಅವರು ಮಾಳಿಗಿ ಮ್ಯಾಲ ಅದಾರ್ರಿ" ಎಂದು ಇಟ್ಟುಬಿಡುತ್ತಾರೆ. ಮೂರು ಸಲ ಹೀಗೇ ಆಯಿತು. ಸನಮಡಿಯಲ್ಲಿ ಅಷ್ಟೊಂದು ಮಾಳಿಗೆ ಕೆಲಸ ಇದ್ದರೆ ಸಂತೋಷವೇ! ಅದಕ್ಕೇ ಈ ಕಾಗದ. ಏಳನೆಯ ಇಯತ್ತೆಯವರೆಗೆ ಕರಜಗಿಯ ಕನ್ನಡ ಸಾಲೆಯಲ್ಲಿ ಕಲಿತವಳು ನಾನು. ಆಮೇಲೆ ಎಲ್ಲಾ ಮರಾಠಿ, ಇಂಗ್ಲಿಷು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಒಂದು ಒಳ್ಳೆಯ ಸುದ್ದಿ ಇದೆ. ನಮ್ಮ ಕಾಲೇಜಿನ ಆರ್ಕಿಟೆಕ್ಚರಲ್ ಇಂಜಿನಿಯರಿಂಗ್ ವಿಭಾಗಕ್ಕೆ ಹೊಸ ಪಠ್ಯಕ್ರಮ ಬರೆಯುವ ಸಮಿತಿ ಆಗಿದೆ. ಅದಕ್ಕೆ ನಾನೇ ಮುಖ್ಯಸ್ಥೆ. ಇಷ್ಟು ವರ್ಷ ನಮ್ಮ ಹುಡುಗರು ಕಂಪ್ಯೂಟರ್ ಪರದೆಯ ಮೇಲೆ ಇಪ್ಪತ್ತು ಅಂತಸ್ತು ಕಟ್ಟುತ್ತಿದ್ದರು, ಕೈಗೆ ಮಣ್ಣು ಹತ್ತುತ್ತಿರಲಿಲ್ಲ. ಇನ್ನು ಮೇಲೆ ಪ್ರತಿಯೊಬ್ಬರೂ ಒಂದು ಸೆಮಿಸ್ಟರ್‌ನಲ್ಲಿ ಹಳ್ಳಿಗೆ ಹೋಗಿ, ಬಲ್ಲವರ ಕೈಕೆಳಗೆ ಒಂದು ಕಟ್ಟಡದ ಕೆಲಸ ಮಾಡಲೇಬೇಕು ಎಂದು ಬರೆದಿದ್ದೇನೆ. ಮೊದಲ ಉದಾಹರಣೆ ಯಾವುದು ಗೊತ್ತೇ? ನಿಮ್ಮೂರಿನ ಭಾಗವ್ವಕ್ಕನ ಮಾಳಿಗೆ.

ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ನಮ್ಮ ಹನ್ನೆರಡು ವಿದ್ಯಾರ್ಥಿಗಳು ಬಂದು, ನಿಮ್ಮ ಮಾತು ಕೇಳಿ, ಹದಿನಾಲ್ಕು ದಿನದಲ್ಲಿ ಅವರ ಮನೆಯ ಹಳೆಯ ಮಣ್ಣಿನ ಚಾವಣಿ ಬಿಚ್ಚಿ ಹೊಸ ಮಾಳಿಗೆ ಹಾಕಿದರಲ್ಲ, ಆ ಫೋಟೋ ಈಗಲೂ ನಮ್ಮ ವಿಭಾಗದ ಗೋಡೆಯ ಮೇಲಿದೆ. ಹಳದಿ ಹೆಲ್ಮೆಟ್ಟು, ಹೊಸ ಬೂಟು ಹಾಕಿಕೊಂಡು ನೀವು ಮಾಳಿಗೆ ನಡುವೆ ನಿಂತಿದ್ದೀರಿ. ಕೆಳಗೆ ಪರೀಕ್ಷಕರು ಚಪ್ಪಾಳೆ ತಟ್ಟುತ್ತಿದ್ದಾರೆ.

ನನಗೆ ಎರಡು ವಸ್ತು ಬೇಕು. ಎರಡು ಮಳೆಗಾಲ ಕಂಡ ಮಾಳಿಗೆಯ ಈಗಿನ ಫೋಟೋ ಒಂದು. "ಕೆಲಸ ಚೆನ್ನಾಗಿ ನಿಂತಿದೆ" ಎಂದು ನಿಮ್ಮ ಕೈಯಿಂದ ನಾಲ್ಕು ಸಾಲು ಇನ್ನೊಂದು. ಆಗಸ್ಟ್ ಕೊನೆಗೆ ಸಭೆ ಇದೆ. ಭಾಗವ್ವಕ್ಕನ ಸಜ್ಜಿ ರೊಟ್ಟಿಯನ್ನು ನೆನೆಯದ ದಿನವಿಲ್ಲವೆಂದು ಹೇಳಿ.

ನಿಮ್ಮ
ದೀಪಾಲಿ


ಸನಮಡಿ
೨೧ ಜುಲೈ ೨೦೨೪

ದೀಪಾಲಿ ಮ್ಯಾಡಮ್ಮರಿಗೆ ಶಿದ್ರಾಯನ ನಮಸ್ಕಾರ.

ಕಾಗದ ಮುಟ್ಟಿತು. ಪೋಸ್ಟಿನಾಂವ ಕೈಯಾಗ ಕೊಟ್ಟಾಗ ಚನ್ನವ್ವ ಹೆದರಿದಳು. ನಮ್ಮ ಮನಿಗೆ ಕಾಗದ ಅಂತ ಬರೂದು ಕರೆಂಟ್ ಬಿಲ್ ಒಂದ. ನಿಮ್ಮ ಅಕ್ಷರ ಮುತ್ತಿನಂಗ ಅದಾವ, ತಿದ್ದೂದ ಏನೂ ಇಲ್ಲ. ನೀವು ಮುಖ್ಯಸ್ಥರಾದ್ದು ಕೇಳಿ ಭಾಳ ಖುಷಿ ಆತು. ಕುರಿ ಕಾಯೋ ಮನಿ ಮಗಳು ಪುಣೆದಾಗ ಖುರ್ಚಿ ಮ್ಯಾಲ ಕುಂತಾಳ ಅಂತ ಕಟ್ಟಿ ಮ್ಯಾಲ ಎಲ್ಲಾರಿಗೂ ಹೇಳೀನಿ.

ಇಲ್ಲಿ ಮಳಿ ಅಷ್ಟಕ್ಕಷ್ಟ. ಸಜ್ಜಿ ಬಿತ್ತ್ಯಾರ. ನನ್ನ ಕರೀ ಕುರಿ ಜೋಡಿ ಮರಿ ಹಾಕಿತು. ಲಗಮಣ್ಣ ತನ್ನ ಮಣ್ಣಿನ ಮನಿ ಕೆಡವಿ ಸ್ಲ್ಯಾಬ್ ಹಾಕಿಸಿದ. ಈಗ ಮಧ್ಯಾಹ್ನ ಒಳಗ ಕುಂದ್ರಾಕ ಆಗೂದಿಲ್ಲ ಅಂತ ನಮ್ಮ ಪಡಸಾಲಿಗೆ ಬಂದು ಮಲಗತಾನ. ಮಲಗಲಿ, ಆದ್ರ ಗೊರಕಿ ಹೊಡಿತಾನ ಅಂತ ಚನ್ನವ್ವ ಬೈತಾಳ. ನನಗೇನು, ಕೇಳಸೂದಿಲ್ಲ.

ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅವತ್ತ ಪರೀಕ್ಷಕ ಸಾಹೇಬರು ಹುಡುಗರಿಗೆ ಮಾರ್ಕು ಕೊಟ್ಟರಲ್ಲ, ಯಾತಕ್ಕ ಎಷ್ಟ ಕೊಟ್ಟರು? ನಮ್ಮ ಕಡೆ ಮಾಳಿಗಿ ಹಾಕಿದಾಂವಗ ಮಾರ್ಕು ಇಲ್ಲ. ಸೋರಿದ್ರ ಬೈಗುಳ, ಸೋರಲಿಲ್ಲಂದ್ರ ಯಾರೂ ಮಾತಾಡೂದಿಲ್ಲ. ಅದಕ್ಕ ಕೇಳಿದೆ.

ಫೋಟೋ ತಗಿಯೂ ಫೋನ್ ಕೆಟ್ಟೈತಿ. ಬೂಟು ಹಾಕೊಳ್ಳೂದು ನಾ ಬಿಟ್ಟೀನಿ. ಭಾಗವ್ವ ಅದಾಳ.

ನಿಮ್ಮ
ಶಿದ್ರಾಯ


ಪುಣೆ
೯ ಆಗಸ್ಟ್ ೨೦೨೪

ಶಿದ್ರಾಯ ಕಾಕಾ ಅವರಿಗೆ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಎಲ್ಲಾ ಬರೆದಿದ್ದೀರಿ, ಮಾಳಿಗೆಯದೊಂದು ಬಿಟ್ಟು. ನಿಮಗೆ ಬೇಸರವಾಗಿದೆಯೆಂದು ನನಗೆ ತಿಳಿಯಿತು. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಆ ಕೆಲಸದ ಬಗ್ಗೆ ಆರು ಪುಟ ಬಂತು, ನಿಮ್ಮ ಹೆಸರು ಮಾತ್ರ ಬರಲಿಲ್ಲ. "ಸ್ಥಳೀಯ ಕುಶಲಕರ್ಮಿ" ಎಂದಷ್ಟೇ ಹಾಕಿದರು. ಅದು ನನ್ನ ತಪ್ಪು. ಈ ಸಲ ಹಾಗಾಗುವುದಿಲ್ಲ. ಪಠ್ಯಕ್ರಮದ ಪುಸ್ತಕದಲ್ಲಿ ನಿಮ್ಮ ಹೆಸರು, ಊರು, ಫೋಟೋ ಮೂರೂ ಇರುತ್ತವೆ.

ಮಾರ್ಕಿನ ಲೆಕ್ಕ ಕೇಳಿದಿರಿ. ವರದಿಗೆ ನಲವತ್ತು, ಪರೀಕ್ಷಕರ ಮುಂದೆ ವಿವರಿಸಿದ್ದಕ್ಕೆ ಮೂವತ್ತು, ನಕ್ಷೆಗೆ ಇಪ್ಪತ್ತು, ಜಾಗದಲ್ಲಿ ನಡೆದುಕೊಂಡ ರೀತಿಗೆ ಹತ್ತು. ಎಲ್ಲರಿಗೂ ಎಂಬತ್ತರ ಮೇಲೆ ಬಂತು.

ಕರಡಿನಲ್ಲಿ ಮಾಳಿಗೆಯ ಪಾಠ ಹೀಗೆ ಬರೆದಿದ್ದೇನೆ, ನೋಡಿ: "ತೊಲೆಗಳ ಮೇಲೆ ಜಂತಿ, ಅದರ ಮೇಲೆ ತೊಗರಿಕಟ್ಟಿಗೆ ಮತ್ತು ಬೇವಿನ ಸೊಪ್ಪು. ಆಮೇಲೆ ಕೆಸರು, ಕೊನೆಗೆ ಪಾಂಢರಿ, ಅಂದರೆ ಬಿಳಿ ಮಣ್ಣಿನ ಪದರ. ಮೂರು ದಿನ ಒಣಗಲು ಬಿಡುವುದು. ಹದಿನಾಲ್ಕನೆಯ ದಿನ ಮಾಳಿಗೆ ಸಿದ್ಧ."

ಇನ್ನೊಂದು ಸಂತೋಷ. ಬೇರೆ ಐದು ಕಾಲೇಜುಗಳು ಇದೇ ಪಾಠವನ್ನು ಮುಂದಿನ ವರ್ಷದಿಂದ ತೆಗೆದುಕೊಳ್ಳಲು ಒಪ್ಪಿವೆ. ವರ್ಷಕ್ಕೆ ಮೂವತ್ತು ನಲವತ್ತು ಮನೆಗಳ ಮೇಲೆ ನಿಮ್ಮ ವಿದ್ಯೆ ಕೂರುತ್ತದೆ, ಕಾಕಾ! ಆ ನಾಲ್ಕು ಸಾಲು ಲಗೂನ ಕಳಿಸಿ. ಸಭೆ ಮೂವತ್ತಕ್ಕೆ.

ನಿಮ್ಮ
ದೀಪಾಲಿ


ಸನಮಡಿ
೧೮ ಆಗಸ್ಟ್ ೨೦೨೪

ದೀಪಾಲಿ ಮ್ಯಾಡಮ್ಮರಿಗೆ,

ಹೆಸರು ಹಾಕಬ್ಯಾಡ್ರಿ. ಫೋಟೋನೂ ಬ್ಯಾಡ.

ನಲವತ್ತ ಮನಿ ಅಂದ್ರಿ. ಅದಕ್ಕ ಈಗ ಖರೇ ಬರಿಯಾಕತ್ತೀನಿ. ಒಂದ ಮನೀದ ನಾ ಎರಡ ವರ್ಷ ಮುಚ್ಚಿಟ್ಟೆ. ನಲವತ್ತ ಮನೀದ ಮುಚ್ಚಾಕ ನನ್ನ ಕಡೆ ಆಗೂದಿಲ್ಲ.

ಭಾಗವ್ವನ ಮಾಳಿಗಿ ಬಿದ್ದೈತ್ರಿ. ನೀವು ಹೋದ ಐದನೇ ತಿಂಗಳಿಗೆ ಬಿತ್ತು. ಉತ್ತರಿ ಮಳಿ ಮೂರ ದಿನ ಬಿಡಲಾರದ ಹೊಡೀತು. ನಾಕನೇ ದಿನ ಮಧ್ಯಾಹ್ನ ಬಿಸಲ ಬಿತ್ತು. ಆಕಿ ಒಲೀ ಮುಂದ ಕುಂತು ಸಾಲಿ ಮಾಸ್ತರಗಳ ಡಬ್ಬಿಗೆ ರೊಟ್ಟಿ ಬಡಿಯಾಕತ್ತಿದ್ದಳು. ನೀರ ಕುಡದು ಮಣ್ಣ ಭಾರ ಆಗಿತ್ತು. ಒಲೀ ಮ್ಯಾಲಿನ ಮೂಲಿಯೊಳಗ ಎರಡ ಜಂತಿ ಜಾರಿದವು. ಆಕಿ ಬಲಗೈ ಮ್ಯಾಲೆತ್ತಿ ತಲಿ ಉಳಿಸಿಕೊಂಡಳು. ಮುಂಗೈ ಮುರೀತು. ಜತ್ತದ ದವಾಖಾನ್ಯಾಗ ಪ್ಲಾಸ್ಟರ್ ಹಾಕಿಸಿದ್ವಿ, ಕೂಡಿತು, ಆದ್ರ ಸೊಟ್ಟ ಕೂಡಿತು. ಈಗ ಆಕಿ ರೊಟ್ಟಿ ಬಡಿಯೂದಿಲ್ಲ. ಸೊಸಿ ಬಡೀತಾಳ. ಮಾಸ್ತರು ಅರ್ಧ ಮಂದಿ ಡಬ್ಬಿ ಬಿಟ್ಟರು. ಆ ಮೂಲಿ ಮ್ಯಾಲ ಈಗ ತಗಡಿನ ಪತ್ರಾ ಐತಿ, ಪತ್ರಾದ ಮ್ಯಾಲ ಕಲ್ಲ ಅದಾವ. ಫೋಟೋ ಬೇಕಂದ್ರಿ. ಏನಂತ ಕಳಸಲಿ?

ನಿಮಗ ಹೇಳಬ್ಯಾಡ ಅಂತ ಚನ್ನವ್ವಗ ನಾನ ಅಂದಿದ್ದೆ.

ಯಾಕ ಬಿತ್ತು ಅಂತ ಕೇಳತೀರಿ. ಹೇಳತೀನಿ. ನಮ್ಮಪ್ಪ ಮಾಳಿಗಿ ಹಾಕಿದ ಮ್ಯಾಲ ಬರಿಗಾಲಾಗ ಅಡ್ಡಾಡತಿದ್ದ. ಹಿಮ್ಮಡಿ ಊರಿ, ಮೂಲಿಯಿಂದ ಮೂಲಿಗೆ. ಹಿಮ್ಮಡಿ ಗುರುತು ಬಿತ್ತಂದ್ರ ಒಳಗ ಇನ್ನ ಹಸಿ ಐತಿ ಅಂತ ಅರ್ಥ. ಒಣಗಿ ಬಿರುಕ ಬಿಟ್ಟ ಮ್ಯಾಲ ಸೆಗಣಿ, ಹೊಟ್ಟು ಕಲಸಿದ ತಿಳಿಗೆಸರು ಬಿರುಕಿಗೆ ಕುಡಸಬೇಕು. ಮತ್ತ ಒಣಗತೈತಿ, ಮತ್ತ ಬಿರುಕ ಬಿಡತೈತಿ, ಮತ್ತ ಕುಡಸಬೇಕು. ಮೂರ ಸಲ. ಅದಕ್ಕ ಒಂದ ತಿಂಗಳಾಗಲಿ, ಒಂದೂವರಿ ತಿಂಗಳಾಗಲಿ. ಆಮ್ಯಾಲ ಹಿಮ್ಮಡಿ ಊರಿದ್ರ ಕಲ್ಲ ಮ್ಯಾಲ ಊರಿದಂಗ ಆಗಬೇಕು. ಅಲ್ಲೀತನ ಮನಿಯಾಕಿಗೆ "ಮುಗೀತು" ಅನಬಾರದು. ನಾ ನಲವತ್ತ ವರ್ಷ ಇದನ್ನ ಮೀರಿದಾಂವ ಅಲ್ಲ.

ಅವತ್ತ ಒಂದ ಬಿರುಕ ಅಷ್ಟ ತುಂಬಿದ್ವಿ. ಹುಡುಗರು ಬೂಟು ತಂದ ಕೊಟ್ಟಿದ್ದರು. ನನ್ನ ಜಲ್ಮಕ್ಕ ನಾ ಬೂಟು ಕಂಡಾಂವಲ್ಲ. ಹಾಕ್ಕೊಂಡೆ. ಫೋಟೋ ತಗೀತೀವಿ ಅಂದರು. ಟಣಾ ಟಣಾ ಅಂತ ಮಾಳಿಗಿ ತುಂಬ ಅಡ್ಡಾಡಿದೆ. ಹಿಮ್ಮಡಿಗೆ ಏನ ತಿಳೀಬೇಕು, ಬೂಟಿನಾಗ? ಒಳಗ ಹಸಿ ಐತಿ ಅಂತ ನನಗ ಗೊತ್ತಿತ್ತು, ಗೊತ್ತಿದ್ದೂ ಬೂಟು ತಗೀಲಿಲ್ಲ. ಕೆಳಗಿಳದು ನಿಮಗ ಒಂದ ಮಾತ ಅಂದೆ, "ಇನ್ನ ಎರಡ ಸಲ ಬಿರುಕ ತುಂಬೂದು ಐತ್ರಿ" ಅಂತ. ನೀವು ಸಾಹೇಬರಿಗೆ ಇಂಗ್ಲಿಷಿನಾಗ ಹೇಳಿದ್ರಿ. ಅವರು ನಕ್ಕು ನನ್ನ ಕೈ ಹಿಡದು ಕುಲುಕಿದರು. ನಾ ಏನ ತಿಳಕೊಂಡೆ? ಇಷ್ಟ ಕಲಿತ ಮಂದಿ, ಎಲ್ಲಾ ಕೇಳಿ ಕೈ ಕೊಟ್ಟಾರ ಅಂದ ಮ್ಯಾಲ ಇಷ್ಟ ಸಾಕ ಇರಬೇಕು, ಹೊಸಾ ವಿದ್ಯಾದಾಗ ಒಂದ ಬಿರುಕಿಗೆ ನಡೀತಿರಬೇಕು ಅಂತ. ಕೈ ಕುಲುಕಿದ್ದ ಹಿಗ್ಗಿನಾಗ ಮರದಿನಾನೂ ನಾ ಹತ್ತಿ ನೋಡಲಿಲ್ಲ. ಭಾಗವ್ವಗ "ಮುಗೀತವಾ" ಅಂದುಬಿಟ್ಟೆ.

ತಪ್ಪು ನಂದು. ಹುಡುಗರದಲ್ಲ, ನಿಮ್ಮದಂತೂ ಅಲ್ಲ. ಪುಸ್ತಕದಾಗ ಮೂರ ದಿನ ಅಂತ ಹಾಕಬ್ಯಾಡ್ರಿ. ಕಾಲ ಬೀಳತೀನಿ.

ಶಿದ್ರಾಯ


ಸನಮಡಿ
೩೦ ಸೆಪ್ಟೆಂಬರ್ ೨೦೨೪

ಮ್ಯಾಡಮ್ಮರಿಗೆ,

ನಿಮ್ಮ ಕಾಗದ ಇಲ್ಲ. ಒಂದೂವರಿ ತಿಂಗಳಾತು. ಸಿಟ್ಟಾಗಿರಬೇಕು, ಆಗೂದು ಬರೋಬ್ಬರಿ ಐತಿ. ನಿಮ್ಮ ಮರ್ಯಾದಿಗೆ ನನ್ನಿಂದ ಕುಂದ ಬಂತು. ಬೈದಾದ್ರೂ ನಾಕ ಅಕ್ಷರ ಬರೀರಿ. ಸಭಾದಾಗ ಏನಾತು?

ಶಿದ್ರಾಯ


ಪುಣೆ
೨೭ ಅಕ್ಟೋಬರ್ ೨೦೨೪

ಕಾಕಾ,

ನೀವು ನನ್ನ ಕ್ಷಮೆ ಕೇಳಿದ್ದೀರಿ. ಅದನ್ನು ಓದಿಯೂ ಎರಡು ತಿಂಗಳು ನಾನು ಸುಮ್ಮನಿದ್ದೆ. ಸಿಟ್ಟಿನಿಂದಲ್ಲ.

ನೀವು ಕೆಳಗಿಳಿದು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. "ಇನ್ನ ಎರಡ ಸಲ ಬಿರುಕ ತುಂಬೂದು ಐತ್ರಿ." ಪರೀಕ್ಷಕರು ನನ್ನ ಕಡೆ ತಿರುಗಿ, ಏನೆನ್ನುತ್ತಾರೆ ಎಂದು ಕೇಳಿದರು. ನಾನು, "ಕೆಲಸ ಪೂರ್ತಿಯಾಗಿದೆ, ನಿಮಗೆ ಧನ್ಯವಾದ ಹೇಳುತ್ತಿದ್ದಾರೆ" ಎಂದೆ. ಅದಕ್ಕೇ ಅವರು ನಿಮ್ಮ ಕೈ ಕುಲುಕಿದ್ದು. ನಿಮ್ಮ ಮಾತು ಅವರಿಗೆ ಮುಟ್ಟಲೇ ಇಲ್ಲ. ನೀವು ಎರಡು ವರ್ಷ ಹೊತ್ತುಕೊಂಡದ್ದು ನನ್ನ ಸುಳ್ಳನ್ನು.

ಗೊತ್ತಿಲ್ಲದೆ ಹೇಳಿದೆನೆಂದರೆ ಅದೂ ಸುಳ್ಳೇ. ಕರಜಗಿಯಲ್ಲಿ ನಾನು ಹುಟ್ಟಿದ ಮನೆಯೂ ಮಾಳಿಗೆಯದೇ. ಬೇಸಿಗೆಯಲ್ಲಿ ಬಿರುಕಿಗೆ ತಿಳಿಗೆಸರು ಹೊಯ್ಯುವ ಕೆಲಸ ನನಗೂ ಅಣ್ಣನಿಗೂ ಇರುತ್ತಿತ್ತು. ಮೂರು ಸಲ ಎಂದು ನನಗೆ ಗೊತ್ತಿತ್ತು. ಆದರೆ ಸೆಮಿಸ್ಟರ್ ಕೊಟ್ಟದ್ದು ಹದಿನಾಲ್ಕು ದಿನ. ಪರೀಕ್ಷಕರು ಶನಿವಾರ ಬಂದವರು ಮತ್ತೆ ಬರುವವರಲ್ಲ. "ಅಪೂರ್ಣ" ಎಂದು ಬರೆದರೆ ಹನ್ನೆರಡು ಹುಡುಗರ ಮಾರ್ಕು ಹೋಗುತ್ತಿತ್ತು, ಮಣ್ಣಿನ ಕೆಲಸ ಕಲಿಸಬೇಕೆಂಬ ನನ್ನ ಹಟವೂ ಅಲ್ಲಿಗೇ ಮುಗಿಯುತ್ತಿತ್ತು. ಉಳಿದದ್ದನ್ನು ಕಾಕಾ ಹೇಗೂ ನೋಡಿಕೊಳ್ಳುತ್ತಾರೆ ಎಂದುಕೊಂಡೆ. ನಿಮಗೆ ಅದನ್ನು ಹೇಳಲು ಮಾತ್ರ ಮರೆತೆ. ಇಲ್ಲ, ಮರೆಯಲಿಲ್ಲ. ಹೇಳಿದರೆ ಕೆಲಸ ಮುಗಿದಿಲ್ಲವೆಂದು ಒಪ್ಪಿದಂತಾಗುತ್ತದೆ, ಅದಕ್ಕೇ ಹೇಳಲಿಲ್ಲ.

ಬೆಳುಂಕಿಯ ವಿಜಯ ನೆನಪಿದ್ದಾಳೆಯೇ? ಆ ಹನ್ನೆರಡು ಜನರಲ್ಲಿ ಕನ್ನಡ ಬರುತ್ತಿದ್ದವಳು ಅವಳೊಬ್ಬಳೇ. ನಿಮ್ಮ ಕಾಗದ ಬಂದ ಮೇಲೆ ಕಪಾಟಿನಿಂದ ವಿದ್ಯಾರ್ಥಿಗಳ ಹಳೆಯ ದಿನಚರಿ ವಹಿಗಳನ್ನು ತೆಗೆದು ನೋಡಿದೆ. ಕೊನೆಯ ದಿನದ ಪುಟದಲ್ಲಿ ಅವಳು ಬರೆದಿದ್ದಾಳೆ: "ಇನ್ನೂ ಎರಡು ಸಲ ಬಿರುಕು ತುಂಬಬೇಕೆಂದು ಕಾಕಾ ಹೇಳಿದರು." ಆ ಸಾಲಿನ ಮೇಲೆ ಕೆಂಪು ಗೆರೆ ಇದೆ. ಪಕ್ಕದಲ್ಲಿ "ಅನಗತ್ಯ" ಎಂದು ಬರೆದು ಎರಡು ಮಾರ್ಕು ಕಡಿದಿದ್ದಾರೆ. ಅಕ್ಷರ ನನ್ನದೇ.

ಇಷ್ಟಕ್ಕೇ ಮುಗಿಯಲಿಲ್ಲ. ಆಗಸ್ಟ್ ಮೂವತ್ತರ ಸಭೆಗೆ ನಿಮ್ಮ ಕಾಗದ ಚೀಲದಲ್ಲಿಟ್ಟುಕೊಂಡೇ ಹೋದೆ. ಹೇಳಬೇಕೆಂದೇ ಹೋದೆ. ಗೋಡೆಯ ಮೇಲೆ ನಿಮ್ಮ ಫೋಟೋ ತೋರಿಸಿದರು, ಎಲ್ಲರೂ ನನ್ನನ್ನು ಹೊಗಳಿದರು, ಕರಡು ಪಾಸಾಯಿತು. ನಾನು ಬಾಯಿ ಬಿಡಲಿಲ್ಲ. ಡಿಸೆಂಬರ್‌ನಲ್ಲಿ ಕೊನೆಯ ಮಂಜೂರಾತಿ.

ಎರಡು ವರ್ಷದಲ್ಲಿ ಎರಡು ಸಲ ಕರಜಗಿಗೆ ಬಂದಿದ್ದೆ, ಕಾಕಾ. ಸನಮಡಿಯ ಹಾದಿ ಹಿಡಿಯಲಿಲ್ಲ. ಏನೋ ಆಗಿರಬಹುದೆಂಬ ಅಂಜಿಕೆ ಆಗಲೇ ಇತ್ತು ನನಗೆ.

ಭಾಗವ್ವಕ್ಕನಿಗೆ ಏನು ಹೇಳಲಿ ಎಂದು ಗೊತ್ತಾಗುತ್ತಿಲ್ಲ.

ದೀಪಾಲಿ


ಸನಮಡಿ
೧೪ ನವೆಂಬರ್ ೨೦೨೪

ದೀಪಾಲಿ,

ಮ್ಯಾಡಮ್ ಅಂತ ಬರಿಯಾಕ ಕೈ ಬರವಲ್ದು. ನಿನ್ನ ಕಾಗದ ಓದಿ ಎರಡ ದಿನ ಭಾಳ ಸಿಟ್ಟು ಬಂತು. ಖರೇ ಹೇಳತೀನಿ. ನನ್ನ ಮಾತು ನನಗ ಕೇಳಲಾರದ ಭಾಷಾದಾಗ ತಿರುವಿ ಹಾಕಿದಿ. ನಾ ಕಿವುಡ ಆಗೂದಕ್ಕ ಮೊದಲ ನನ್ನ ಕಿವುಡ ಮಾಡಿದಿ.

ಮೂರನೇ ದಿನ ಕಾಗದ ತಗೊಂಡು ಭಾಗವ್ವನ ಕಡೆ ಹೋದೆ. ಆಕಿಗೆ ಓದಾಕ ಬರೂದಿಲ್ಲ, ನಾನ ಓದಿದೆ. ನನಗೇನ ಗೊತ್ತು ಎಷ್ಟ ಜೋರ ಓದಾಕತ್ತೀನಿ ಅಂತ? ಓದಿ ಮುಗಿಸಿ ತಲಿ ಎತ್ತಿ ನೋಡತೀನಿ, ಓಣಿ ಮಂದಿ ಎಲ್ಲಾ ಬಾಗಿಲದಾಗ! ಲಗಮಣ್ಣ ನಿದ್ದಿ ಬಿಟ್ಟು ಎದ್ದು ಬಂದಾನ. ಹಿಂಗಾಗಿ ನಿನ್ನ ಗುಟ್ಟು, ನನ್ನ ಬೂಟಿನ ಗುಟ್ಟು, ಎರಡೂ ಸನಮಡಿ ತುಂಬ ಆದವು.

 ಭಾಗವ್ವ ನನ್ನ ಕಿವಿಗೆ ಬಾಯಿ ಹಚ್ಚಿ ಏನಂದಳು ಕೇಳು.

"ಏನೋ ಶಿದ್ರಾಯ, ನೀ ನಂದು ತಪ್ಪ ಅಂತಿ, ಆಕಿ ನಂದು ತಪ್ಪ ಅಂತಾಳ. ಕಾಗದ ಬರಕೊಂತ ಇಬ್ಬರೂ ನನ್ನ ಕೈ ಹಂಚಿಕೊಳ್ಳಾಕತ್ತೀರಿ. ಮುರದಿದ್ದು ನನ್ನ ಕೈ. ನನ್ನ ಯಾರರ ಕೇಳೀರೇನು?"

ನಾ ಅಂದೆ, "ಈಗ ಕೇಳತೀನವಾ. ಏನ ಮಾಡೂಣು?"

"ಅಳೂದ ಬಿಟ್ಟು ಮಾಳಿಗಿ ಹಾಕ್ರಿ. ಈ ಪತ್ರಾದ ಸಪ್ಪಳಕ್ಕ ಮಳಿ ಬಂದ್ರ ನನಗ ಎದಿ ಹಾರತೈತಿ. ಹುಡುಗರ ಕರಕೊಂಡ ಬರ್ರಿ. ಮುಗಿಯೂತನ ಇರ್ರಿ. ಮತ್ತ ಈ ಸಲ ಮಾರ್ಕು ಆ ಸಾಹೇಬ ಕೊಡಬಾರದು. ಆಂವೇನು ಇದರ ಬುಡಕ ಮಲಗತಾನೇನು? ನಾ ಕೊಡತೀನಿ, ಮಳಿ ಆದ ಮ್ಯಾಲ."

ಓಣಿ ಮಂದಿ ನಕ್ಕರು. ಆಕಿ ನಗಲಿಲ್ಲ.

ಆಕಿ ಹೇಳಿದ್ದು ಹೇಳೀನಿ. ಡಿಸೆಂಬರ ಸಭಾದಾಗ ಏನ ಮಾಡತಿ ಅಂಬೂದು ನಿನಗ ಬಿಟ್ಟದ್ದು. ನನ್ನ ಮಾತು ಒಮ್ಮೆ ನಿನ್ನ ಬಾಯಾಗ ಸತ್ತೈತಿ. ಈ ಸಲ ಮುಟ್ಟಿಸ್ತಿ ಏನು?

ಶಿದ್ರಾಯ


ಪುಣೆ
೨೦ ಡಿಸೆಂಬರ್ ೨೦೨೪

ಕಾಕಾ,

ಮುಟ್ಟಿಸಿದೆ.

ನಿಮ್ಮ ಕಾಗದ, ವಿಜಯಳ ವಹಿ, ಎರಡನ್ನೂ ಮೇಜಿನ ಮೇಲಿಟ್ಟು ಮೊದಲಿನಿಂದ ಹೇಳಿದೆ. ಒಬ್ಬ ಹಿರಿಯರು, "ಇದನ್ನು ಸಭೆಯಲ್ಲೇ ಹೇಳಬೇಕಿತ್ತೇ?" ಎಂದರು. ಇನ್ನೊಬ್ಬರು ಫೋಟೋವನ್ನು ಗೋಡೆಯಿಂದ ಇಳಿಸಲು ಹೇಳಿದರು. ನಾನು ಬೇಡವೆಂದೆ. ಅದರ ಕೆಳಗೆ ಈಗ ಮಾಳಿಗೆ ಬಿದ್ದ ತಾರೀಖು ಬರೆದು ಹಾಕಿದ್ದೇನೆ.

ಹೊಸ ಪ್ರಸ್ತಾಪ ಇಟ್ಟೆ. ಕೆಲಸ ಅದರ ಕಾಲದಲ್ಲಿ ಮುಗಿಯಲಿ, ಮಾರ್ಕು ಮಳೆಗಾಲದ ನಂತರ, ಕೊಡುವವರು ಮನೆಯೊಳಗೆ ಇರುವವರು. ಮೇ ತಿಂಗಳಲ್ಲಿ ಮಾರ್ಕಿನ ಪಟ್ಟಿ ಹೋಗಲೇಬೇಕು, ಮಳೆಗೆ ಕಾಯುವ ನಿಯಮ ಎಲ್ಲಿದೆ ಎಂದು ಕೇಳಿದರು. ನಿಯಮ ಇಲ್ಲ. ಆದ್ದರಿಂದ ಕಡ್ಡಾಯ ಪಾಠ ಬಿದ್ದುಹೋಯಿತು. ಐದು ಕಾಲೇಜುಗಳೂ ಹಿಂದೆ ಸರಿದವು. ಸಮಿತಿಗೆ ಬೇರೆ ಮುಖ್ಯಸ್ಥರು ಬಂದಿದ್ದಾರೆ. ಬೇಕಾದವರು ಬಂದು ಕಲಿಯಬಹುದು, ಪಟ್ಟಿಯಲ್ಲಿ ಮಾರ್ಕು ಇರುವುದಿಲ್ಲ ಎಂದು ಒಂದು ವರ್ಷಕ್ಕೆ ಬಿಟ್ಟಿದ್ದಾರೆ. ಮಾರ್ಕಿಲ್ಲದ ಪಾಠಕ್ಕೆ ಯಾರು ಬರುತ್ತಾರೆ ಎಂದು ನಾನೂ ಅಂದುಕೊಂಡಿದ್ದೆ. ಏಳು ಜನ ಹೆಸರು ಕೊಟ್ಟಿದ್ದಾರೆ. ವಿಜಯ ಈಗ ಕೊಲ್ಹಾಪುರದಲ್ಲಿ ಕೆಲಸದಲ್ಲಿದ್ದಾಳೆ. ಅವಳಿಗೂ ಬರೆದು, ಆ ಕೆಂಪು ಗೆರೆಯ ವಿಷಯ ಹೇಳಿ ಕ್ಷಮೆ ಕೇಳಿದೆ. "ಎರಡು ಮಾರ್ಕು ಇರಲಿ ಮೇಡಂ, ಯಾವಾಗ ಹೊರಡೋದು?" ಎಂದಳು.

ಫೆಬ್ರುವರಿಯಿಂದ ಶನಿವಾರ, ಭಾನುವಾರ ಬರುತ್ತೇವೆ. ಎಷ್ಟು ವಾರ ಎಂದು ನಾನು ಬರೆದಿಲ್ಲ. ಅದನ್ನು ನೀವು ಹೇಳಬೇಕು.

ದೀಪಾಲಿ


ಸನಮಡಿ
೧೯ ಅಕ್ಟೋಬರ್ ೨೦೨೫

ಮಗಳು ದೀಪಾಲಿಗೆ ಶಿದ್ರಾಯನ ಆಶೀರ್ವಾದ.

ನೀವೆಲ್ಲಾ ಹೋಗಿ ಆರ ತಿಂಗಳಾತು. ಕಾಗದ ಬೇಕಂತನ ತಡಾ ಮಾಡೀನಿ. ಮಳಿಗಾಲ ಮುಗಿಯೂತನ ಬರೀಬಾರದು ಅಂತ ಭಾಗವ್ವ ತಾಕೀತ ಮಾಡಿದ್ದಳು.

ಹನ್ನೊಂದ ವಾರ ಬಂದ್ರಿ. ನಾಕನೇ ವಾರ ನೀ ಬರಿಗಾಲಾಗ ಮಾಳಿಗಿ ಹತ್ತಿ ಹಿಮ್ಮಡಿ ಊರಿದಿ. ಗುರುತು ಬಿತ್ತು. ಅದನ್ನ ನೋಡಿ ನಿನ್ನ ಮುಖ ಸಣ್ಣದಾತು, ಕೆಳಗಿಳದು ಸೆಗಣಿ ಕಲಸಾಕ ಕುಂತಿ. ಅವತ್ತ ನನ್ನ ಸಿಟ್ಟು ಪೂರಾ ಹೋತು, ಹೇಳಿರಲಿಲ್ಲ, ಈಗ ಹೇಳತೀನಿ. ಹನ್ನೊಂದನೇ ವಾರ ಆ ಏಳೂ ಮಂದಿ, ವಿಜಯ, ನೀನು, ನಾನು, ಎಲ್ಲಾರೂ ಸಾಲ ಹಿಡದು ಅಡ್ಡಾಡಿದ್ವಿ. ಒಂದ ಗುರುತು ಬೀಳಲಿಲ್ಲ. ಆಗ ಭಾಗವ್ವಗ "ಮುಗೀತವಾ" ಅಂದೆ. ಆಕಿ "ನೋಡೂಣು" ಅಂದಳು.

ಈ ವರ್ಷ ಮಳಿ ಹೆಂಗ ಬಂತು, ಪೇಪರದಾಗ ಓದಿರಬೇಕು. ಉತ್ತರಿ ಮಳಿ ಒಂದ ವಾರ ಹಿಡೀತು. ನಾನು ಚನ್ನವ್ವ ದಿನಾ ಮುಂಜಾನೆ ಕಂಬಳಿ ಹೊತ್ತು ಹೋಗಿ ಒಲೀ ಮ್ಯಾಲಿನ ಮೂಲಿ ಮುಟ್ಟಿ ನೋಡತಿದ್ವಿ. "ನನ್ನ ಮನಿಗೆ ಕಾವಲ ಇಟ್ಟೀರೇನು, ಹೋಗ್ರಿ" ಅಂತ ಆಕಿ ಬೈದಳು. ಒಂದ ಹನಿ ಇಳೀಲಿಲ್ಲ. ಬೂಟು ನಾ ಆಕಿ ಅಂಗಳದಾಗ ಬಿಟ್ಟಿದ್ದೆ, ಅದರಾಗ ಕೋಳಿ ತತ್ತಿ ಇಡತೈತಿ.

ನಿನ್ನಿ ನೀ ಕಳಿಸಿದ ಮಾರ್ಕಿನ ಹಾಳಿ ತಗೊಂಡು ಹೋದೆ. ಸೊಸಿ ರೊಟ್ಟಿ ಬಡಿಯಾಕತ್ತಿದ್ದಳು. ಭಾಗವ್ವ ಪಕ್ಕಕ್ಕ ಕುಂತು, "ಎಳ್ಳ ಹಚ್ಚ, ದಪ್ಪ ಮಾಡಬ್ಯಾಡ" ಅಂತ ಕೈಸನ್ನಿ ಮಾಡಾಕತ್ತಿದ್ದಳು.

"ಎಷ್ಟಕ್ಕ ಎಷ್ಟ ಕೊಡಬೇಕು?" ಅಂತ ನನ್ನ ಕಿವಿಗೆ ಬಾಯಿ ಹಚ್ಚಿ ಕೇಳಿದಳು.

"ನೂರಕ್ಕ" ಅಂದೆ.

ಮ್ಯಾಲ ನೋಡಿದಳು. ಮೂಲಿಯಿಂದ ಮೂಲಿಗೆ ಕಣ್ಣಾಡಿಸಿದಳು.

"ತೊಂಬತ್ತ ಬರಿ."

ನನಗ ತಡೀಲಿಲ್ಲ. "ಹತ್ತ ಯಾಕ ಕಡದಿ? ಒಂದ ಹನಿ ಸೋರಿಲ್ಲಲ್ಲ?" ಅಂದೆ.

ಆಕಿ ಬಲಗೈ ನನ್ನ ಮುಂದ ಚಾಚಿದಳು. ಬೆರಳು ನೆಟ್ಟಗ ಮಾಡಾಕ ನೋಡಿದಳು, ಆಗಲಿಲ್ಲ. ಸೊಸಿ ಬಡಿಯೂದ ನಿಲ್ಲಿಸಿದಳು.

ತೊಂಬತ್ತ ಅಂತ ಬರದೀನಿ. ಬುಡಕ ಆಕಿ ಹೆಬ್ಬೆಟ್ಟು ಐತಿ. ಎಡಗೈದು.

ಶಿದ್ರಾಯ